12 ಕ್ವಿಂಟಲ್ ಮೆಕ್ಕೆಜೋಳದ ದುಡ್ಡಿಗೆ ಕಾರಿನ ಮೇಲೆ ಹಚ್ಚಿದ್ದೇನು?

ಮಾನ್ಯ ಸಂಪಾದಕರೇ,

ಯುಗಾದಿ ಹತ್ತಿರ ಬಂತು. ಪತ್ರಿಕೆಯ ತುಂಬ ಕಾರಿನ ಜಾಹೀರಾತು ಶುರುವಾಗಿದೆ. ಮೊನ್ನೆ ಒಂದರಲ್ಲಿ ‘ಸೆರಾಮಿಕ್ ಕೋಟಿಂಗ್ ಉಚಿತ’ (ಕಾರಿನ ಬಣ್ಣ ಕಾಯೋಕೆ ಅಂತ ಮೇಲೆ ಹಚ್ಚುವ ಲೇಪ) ಅಂತ ದಪ್ಪಕ್ಷರದಲ್ಲಿ ಇತ್ತು. ಅದರ ಪಕ್ಕ ಒಂದು ನಕ್ಷತ್ರದ ಗುರುತು. ಕೆಳಗೆ ಇರುವೆ ಸಾಲಿನಂತೆ ಸಣ್ಣ ಅಕ್ಷರದಲ್ಲಿ ‘ಷರತ್ತುಗಳು ಅನ್ವಯ’. ಆ ನಕ್ಷತ್ರದ ಹಿಂದೆ ಏನಿರುತ್ತದೆ ಅಂತ ಆರು ತಿಂಗಳ ಹಿಂದೆ ನನಗೆ ಗೊತ್ತಿರಲಿಲ್ಲ. ಈಗ ಗೊತ್ತು. ತಿಳಿದುಕೊಳ್ಳೋದಕ್ಕೆ 28,800 ರೂಪಾಯಿ ಖರ್ಚಾಯಿತು. ಹಬ್ಬಕ್ಕೆ ಕಾರು ತರಬೇಕು ಅಂತ ಇರುವವರಿಗೆ ಆ ಖರ್ಚು ಬೇಡ ಅಂತ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದ ಆಗುತ್ತದೆ, ಕತ್ತರಿ ಹಾಕುವುದಿದ್ದರೆ ನನ್ನ ಪುರಾಣಕ್ಕೆ ಹಾಕಿ, ಬಿಲ್ಲಿನ ವಿಷಯಕ್ಕೆ ಬೇಡ.

ನಾನು ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ದಲ್ಲಾಲಿ ಅಂಗಡಿಯಲ್ಲಿ 31 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಮಾಲು ಹೆಚ್ಚಾಗಿ ಮೆಕ್ಕೆಜೋಳ. ರೈತರು ‘ಗುಮಾಸ್ತ್ರೇ’ ಅಂತಲೇ ಕರೆಯೋದು. ಕಿವಿ ಮೇಲೆ ಒಂದು ಪೆನ್ಸಿಲ್, ಎದುರಿಗೆ ಒಂದು ತೇವಾಂಶದ ಮೀಟರ್. ಒಂದು ಹಿಡಿ ಕಾಳು ಹಾಕಿದರೆ ಮೀಟರ್ 14ರೊಳಗೆ ತೋರಿಸಬೇಕು. 17 ಬಂತೋ, ದರ ಇಳಿಯಿತು. ಇಷ್ಟು ವರ್ಷ ಬೇರೆಯವರ ಮಾಲನ್ನು ಅಳೆದು, ತೂಗಿ, ಸಾಲು ಸಾಲಾಗಿ ಬರೆದವನು ನಾನು. ನನ್ನ ಸ್ವಂತ ಕಾರು ಕೊಳ್ಳುವಾಗ ಒಂದು ಸಾಲಿಗೆ ಏನೂ ಕೇಳದೆ ಸಹಿ ಹಾಕಿದೆ.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 18 ಪರ್ಸೆಂಟಿಗೆ ಇಳಿಯಿತಲ್ಲ, ಆಗ ನಮ್ಮ ಮನೆಯಲ್ಲಿ ಕಾರಿನ ಮಾತು ಎದ್ದಿತು. ಮಗಳನ್ನು ಹುಬ್ಬಳ್ಳಿಗೆ ಕೊಟ್ಟಿದ್ದೇವೆ. ಮೊಮ್ಮಗ ಹುಟ್ಟಿದ ಮೇಲೆ ತಿಂಗಳಿಗೆ ಎರಡು ಸಲವಾದರೂ ಹೋಗಿ ಬರುತ್ತೇವೆ. ಬಸ್ಸಿನಲ್ಲಿ ನಮ್ಮ ಮನೆಯವರ ಮಂಡಿ ನೋವು ಜಾಸ್ತಿಯಾಗುತ್ತದೆ. ಹೀಗೆ 55ನೇ ವಯಸ್ಸಿಗೆ ಮೊದಲ ಕಾರು. ನನಗೆ ಬಿಳಿ ಬೇಕಿತ್ತು. ಮಗಳು ವಿಡಿಯೊ ಕಾಲ್‌ನಲ್ಲಿ ‘ಕಡುನೀಲಿ ತಗೊಳ್ಳಿ ಅಪ್ಪಾ’ ಅಂದಳು. ಕಡುನೀಲಿಯೇ ಬಂತು. ಕಡುಬಣ್ಣದ ಕಾರು ತಗೊಂಡವರಿಗೆ ಗೊತ್ತಿರುತ್ತದೆ. ಬಿಳಿ ಕಾರಿನಲ್ಲಿ ಧೂಳು ಕಾಣುತ್ತದೆ, ತೊಳೆದರೆ ಹೋಗುತ್ತದೆ. ಕಡುನೀಲಿಯಲ್ಲಿ ಒಂದು ಕೂದಲಿನಷ್ಟು ಗೀರೂ ಬಿಸಿಲಿಗೆ ಎದ್ದು ಕಾಣುತ್ತದೆ.

ತೆರಿಗೆ ಇಳಿದದ್ದರಿಂದ ನನಗೆ 60 ಸಾವಿರ ಚಿಲ್ಲರೆ ಉಳಿಯಿತು. ಉಳಿದ ದುಡ್ಡಿನಲ್ಲಿ ಸುಮಾರು ಅರ್ಧಕ್ಕೆ ಷೋರೂಂ ಹುಡುಗ ದಾರಿ ತೋರಿಸಿದ. ಹುಡುಗ ಒಳ್ಳೆಯವನೇ. ನಗುನಗುತ್ತಾ ಮಾತಾಡಿದ, ಬಾದಾಮಿ ಹಾಲು ತರಿಸಿಕೊಟ್ಟ. “ಸಾರ್, ನಮ್ಮೂರ ಬಿಸಿಲಿಗೆ ಬಣ್ಣ ನಿಲ್ಲಲ್ಲ. ಸೆರಾಮಿಕ್ ಅಂದ್ರೆ ಗಾಜಿನ ಪದರ. 9ಎಚ್. ವಜ್ರ 10, ಇದು 9” ಅಂದ. ನಾನು ತಲೆ ಆಡಿಸಿದೆ. “ಆಯುಧ ಪೂಜೆಗೇ ಗಾಡಿ ಬೇಕು ಅಂದ್ರೆ ಪ್ಯಾಕೇಜ್ ತಗೊಂಡೋರಿಗೆ ಮೊದಲು ಕೊಡ್ತೀವಿ” ಅಂತಲೂ ಅಂದ. ನಮ್ಮ ಮನೆಯವರು ನನ್ನ ಮುಖ ನೋಡಿದರು. ಹಬ್ಬಕ್ಕೆ ಗಾಡಿ ಮನೆ ಮುಂದೆ ಇರಬೇಕು ಅನ್ನೋದು ಆ ನೋಟದಲ್ಲಿತ್ತು.

ಕೊಟೇಷನ್ ಹಾಳೆಯಲ್ಲಿ ಕಾರಿನ ಬೆಲೆ, ರಸ್ತೆ ತೆರಿಗೆ, ವಿಮೆ, ಫಾಸ್ಟ್ಯಾಗ್ ಎಲ್ಲ ಪೈಸೆ ಲೆಕ್ಕದಲ್ಲಿ ಇದ್ದವು. ಕೊನೆಯಲ್ಲಿ ಒಂದು ಸಾಲು: ‘ಪಿಪಿಎಫ್ + ಸೆರಾಮಿಕ್ 9ಎಚ್: 28,800’. ಅಷ್ಟೇ. ಪಿಪಿಎಫ್ ಅಂದರೆ ಬಣ್ಣದ ಮೇಲೆ ಅಂಟಿಸುವ ಫಿಲ್ಮಂತೆ. ಎಲ್ಲಿಗೆ, ಎಷ್ಟು, ಯಾವ ಕಂಪನಿಯದು, ಏನೂ ಇಲ್ಲ. 2025-26ರಲ್ಲಿ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ಇತ್ತು. ಅಂದರೆ ಆ ಒಂದು ಸಾಲಿನ ಬೆಲೆ ಸರಿಯಾಗಿ 12 ಕ್ವಿಂಟಲ್ ಮೆಕ್ಕೆಜೋಳ. ಬೆಂಬಲ ಬೆಲೆ ಸಿಕ್ಕಿದರೆ ಅನ್ನಿ. ಈ ವರ್ಷ ಯಾರ್ಡಿನಲ್ಲಿ ಅದು ಎಷ್ಟು ಜನಕ್ಕೆ ಸಿಕ್ಕಿತು ಅಂತ ನನ್ನ ಲೆಡ್ಜರನ್ನು ಕೇಳಬೇಕು.

ಸೆಪ್ಟೆಂಬರ್ 30ರ ಸಂಜೆ ಕೋಟಿಂಗ್ ಹಾಕಿದರು. ಅಕ್ಟೋಬರ್ 1 ಆಯುಧ ಪೂಜೆ, ಬೆಳಗ್ಗೆ ಒಂಬತ್ತಕ್ಕೆ ಗಾಡಿ ಕೈಗೆ ಬಂತು. ಮನೆ ಮುಂದೆ ನಿಲ್ಲಿಸಿದೆವು. ಅಯ್ಯನವರು ಬಂದರು. ಬಾನೆಟ್ ಮೇಲೆ ನೀರು ಚಿಮುಕಿಸಿದರು. ವಿಭೂತಿ ನೀರಿಗೆ ಕಲಸಿ ಮೂರು ಬೆರಳಲ್ಲಿ ಉದ್ದಕ್ಕೆ ಎಳೆದರು. ನಡುವೆ ಅರಿಸಿನ, ಕುಂಕುಮ. ಸೇವಂತಿಗೆ ಹಾರ. ಬೂದುಗುಂಬಳ ಒಡೆದು, ತೆಂಗಿನಕಾಯಿ ಒಡೆದು, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟು ಗಾಡಿ ಮುಂದಕ್ಕೆ ಬಿಟ್ಟೆವು. ಸಂಜೆವರೆಗೂ ಅದೆಲ್ಲ ಬಿಸಿಲಲ್ಲಿ ಒಣಗಿತು. ಕತ್ತಲಾಗುವ ಹೊತ್ತಿಗೆ ನನ್ನ ಭಾಮೈದ ಹಳೇ ಬನಿಯನ್ ತಗೊಂಡು, ಒಣಗಿದ್ದನ್ನು ಒಣಗಿದ ಹಾಗೇ ಉಜ್ಜಿ ಒರೆಸಿದ. ಅಭಿಮಾನದಿಂದ ಒರೆಸಿದ್ದು, ಬೈಯೋಕೂ ಆಗಲಿಲ್ಲ. ಆ ಮೂರು ಬೆರಳಿನ ಗೆರೆ ಓರೆ ಬಿಸಿಲಲ್ಲಿ ಇವತ್ತಿಗೂ ಕಾಣುತ್ತದೆ.

ಕೋಟಿಂಗ್ ಹಚ್ಚಿದ ಮೇಲೆ ಮೊದಲ ದಿನ ನೀರು ಸೋಕಬಾರದಂತೆ. ಒಂದು ವಾರ ಸೋಪು ಹಾಕಿ ತೊಳೆಯಬಾರದಂತೆ. ಅದು ಪೂರ್ತಿ ಗಟ್ಟಿಯಾಗೋಕೆ ಅಷ್ಟು ಹೊತ್ತು ಬೇಕು. ಇದನ್ನು ನಾನು ತಿಳಿದದ್ದು ತಿಂಗಳಾದ ಮೇಲೆ, ಬೇರೆ ಕಡೆ. ಹಬ್ಬದ ಹಿಂದಿನ ಸಂಜೆ ಹಚ್ಚಿ, ಹಬ್ಬದ ಬೆಳಗ್ಗೆ ಪೂಜೆಗೆ ಅಂತಲೇ ಗಾಡಿ ಕೊಡುವವರಿಗೆ ಇದು ಗೊತ್ತಿರಲಿಲ್ಲವಾ? ನಮ್ಮೂರಲ್ಲಿ ಹೊಸ ಗಾಡಿಗೆ ಪೂಜೆ ಮಾಡದೆ ಯಾರಾದರೂ ಬಿಡುತ್ತಾರಾ?

ಇನ್ನೊಂದು ಪೆಟ್ಟು ಬಿದ್ದದ್ದು ದೀಪಾವಳಿಗೆ. ಮಗಳನ್ನು ಕರೆತರಲು ಹುಬ್ಬಳ್ಳಿಗೆ ಹೊರಟಿದ್ದೆವು. ಹರಿಹರ ದಾಟಿ, ರಾಣೆಬೆನ್ನೂರು ಹತ್ತಿರ ಹೆದ್ದಾರಿಯಲ್ಲಿ ಮುಂದೆ ಒಂದು ಜಲ್ಲಿ ಟಿಪ್ಪರ್. ಮೇಲೆ ಟಾರ್ಪಾಲ್ ಇಲ್ಲ. ಟಕ್ ಅಂತ ಒಂದು ಸದ್ದು. ಸಣ್ಣ ಸದ್ದು. ಢಾಬಾದಲ್ಲಿ ಇಳಿದು ನೋಡಿದರೆ ಬಾನೆಟ್ಟಿನ ಮೂತಿಯಲ್ಲಿ ಒಂದು ಚುಕ್ಕೆ. ರಾಗಿ ಕಾಳಿಗಿಂತ ದೊಡ್ಡದು, ಜೋಳದ ಕಾಳಿಗಿಂತ ಚಿಕ್ಕದು. ನೀಲಿ ಹೋಗಿ ಒಳಗಿನ ಬೂದು ಪ್ರೈಮರ್ ಕಾಣುತ್ತಿತ್ತು. ಚಹಾ ಸೇರಲಿಲ್ಲ. (ಜಲ್ಲಿ ಸಾಗಿಸುವ ಟಿಪ್ಪರ್‌ಗಳಿಗೆ ಟಾರ್ಪಾಲ್ ಹೊದಿಸಿ ಅಂತ ನಿಮ್ಮ ಪತ್ರಿಕೆಗೇ ಎಷ್ಟೋ ಜನ ಬರೆದಿರಬೇಕು. ಅದೊಂದು ಆದರೆ ಫಿಲ್ಮ್ ಅಂಗಡಿಗಳ ವ್ಯಾಪಾರ ಅರ್ಧ ನಿಲ್ಲುತ್ತೇನೋ.)

ವಾಪಸ್ ಬಂದು ಷೋರೂಂಗೆ ಹೋದೆ. ಅದೇ ಹುಡುಗ.

“ಸೆರಾಮಿಕ್ ಕಲ್ಲಿಗೆ ಅಲ್ಲ ಸಾರ್.”

“ಹಾಗಾದ್ರೆ ಫಿಲ್ಮು ಕಲ್ಲಿಗೆ ತಾನೆ?”

“ಹೌದು ಸಾರ್.”

“ಅದನ್ನೂ ಹಾಕಿದ್ದೀರಲ್ಲ?”

“ಹಾಕಿದ್ದೀವಿ ಸಾರ್. ಡೋರ್ ಹ್ಯಾಂಡಲ್ ಒಳಗೆ, ಡೋರ್ ಅಂಚಿಗೆ, ಬಂಪರ್ ಮೂಲೆಗೆ.”

“ಬಾನೆಟ್‌ಗೆ?”

“ಅದು ಬೇರೆ ಪ್ಯಾಕೇಜ್ ಸಾರ್.”

ನಾನು ಬಿಲ್ ತೆಗೆದು ತೋರಿಸಿದೆ. ಬಿಲ್ಲಿನಲ್ಲಿ ‘ಪಿಪಿಎಫ್’ ಅಂತ ಇದೆ, ಎಲ್ಲಿಗೆ ಅಂತ ಇಲ್ಲ. ಅವನು ಹೇಳಿದ್ದೂ ಸುಳ್ಳಲ್ಲ. ನಾನು ಅಂದುಕೊಂಡದ್ದಕ್ಕೆ ನನ್ನ ಹತ್ತಿರ ಆಧಾರವಿಲ್ಲ. ಯಾರ್ಡಿನಲ್ಲಿ ಯಾರಾದರೂ ‘ಮಾಲು: 50 ಚೀಲ’ ಅಂತ ಬರೆದು ತಂದರೆ ನಾನು ಚೀಟಿ ತಿರುಗಿಸಿ ಕೊಡುತ್ತೇನೆ. ಯಾವ ಮಾಲು, ಎಷ್ಟು ಕೆಜಿ ಚೀಲ, ತೇವಾಂಶ ಎಷ್ಟು? ಇಲ್ಲಿ ಅದನ್ನೇ ಕೇಳಲಿಲ್ಲ ನೋಡಿ.

ಯಾರೋ ಹೇಳಿದರು ಅಂತ ಹದಡಿ ರಸ್ತೆ ಕಡೆ ಕಾರು ಪಾಲಿಷ್ ಮಾಡುವ ಒಂದು ಸಣ್ಣ ಅಂಗಡಿಗೆ ಹೋದೆ. ನಡೆಸುವವನು ಜಗಳೂರು ಕಡೆಯ ಹುಡುಗ, ಬೆಂಗಳೂರಿನಲ್ಲಿ ನಾಲ್ಕು ವರ್ಷ ಇದೇ ಕೆಲಸ ಕಲಿತು ಬಂದವನು. ಅವನು ಮೊದಲು ತೆಗೆದದ್ದು ಒಂದು ಮೀಟರ್. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಬಣ್ಣದ ದಪ್ಪ ಅಳೆಯೋದು. ಲೋಹದ ಮೇಲೆ ಇಟ್ಟರೆ ಕೀಂ ಅಂತ ನಂಬರ್ ತೋರಿಸುತ್ತದೆ. ಪ್ಲಾಸ್ಟಿಕ್ ಬಂಪರ್ ಮೇಲೆ ಅದು ನಡೆಯಲ್ಲ. ನನಗೆ ಒಳಗೊಳಗೇ ನಗು ಬಂತು. ಮೂವತ್ತು ವರ್ಷ ಮೀಟರ್ ಮುಂದೆ ಕೂತವನಿಗೆ ಕಾರಿಗೂ ಒಂದು ಮೀಟರ್ ಇದೆ ಅಂತ ಗೊತ್ತಿರಲಿಲ್ಲ.

ಬಾನೆಟ್ಟಿನ ಮೇಲೆ ಇಟ್ಟ: 112. ಪಕ್ಕಕ್ಕೆ: 108. ಬಾಗಿಲ ಮೇಲೆ: 116.

“ಮೈಕ್ರಾನ್ ಲೆಕ್ಕ ಸಾರ್” ಅಂದ. “ಫಿಲ್ಮ್ ಇದ್ದಿದ್ರೆ ಮುನ್ನೂರರ ಹತ್ತಿರ ತೋರಿಸ್ತಿತ್ತು.” ಅಲ್ಲೇ ಫಿಲ್ಮ್ ಹಾಕಿಸಿಕೊಂಡು ನಿಂತಿದ್ದ ಇನ್ನೊಂದು ಗಾಡಿ ಮೇಲೆ ಇಟ್ಟು ತೋರಿಸಿದ: 304.

ನಾನು ಮೈಕ್ರಾನ್ ಅಂದರೆ ಎಷ್ಟು ಅಂತ ಕೇಳಿದೆ. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ನಾವು ಪ್ರಿಂಟರ್‌ಗೆ ಹಾಕುವ ಬಿಳಿ ಹಾಳೆ ಸುಮಾರು 100 ಮೈಕ್ರಾನ್ ದಪ್ಪ ಇರುತ್ತದೆ. ಅಂದರೆ ಏಳೆಂಟು ಲಕ್ಷದ ಕಾರಿನ ಬಣ್ಣ, ಪ್ರೈಮರ್, ಮೇಲಿನ ಹೊಳಪಿನ ಪದರ ಎಲ್ಲ ಸೇರಿ ಒಂದು ಹಾಳೆಯಷ್ಟು. ಅದರಲ್ಲಿ ಮೇಲಿನ ಪಾರದರ್ಶಕ ಪದರ ಅರ್ಧ ಹಾಳೆಯೂ ಬರಲ್ಲ. ಹೊಳಪು ಕೊಡೋದು ಅದೇ. ಪ್ರತಿ ಸಲ ಮೆಷಿನ್ ಪಾಲಿಷ್ ಮಾಡಿದಾಗಲೂ ಅದರಲ್ಲೇ ಸ್ವಲ್ಪ ಸವೆಯುತ್ತದೆ. ‘ಹಬ್ಬಕ್ಕೊಂದು ಪಾಲಿಷ್’ ಅಂತ ಮಾಡಿಸುವವರು ಇದನ್ನು ಗಮನಿಸಬೇಕು.

ಈಗ ಫಿಲ್ಮಿನ ವಿಷಯ. ಪಿಪಿಎಫ್ ಅಂದರೆ ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಹಾಳೆ, ದಪ್ಪ 150ರಿಂದ 200 ಮೈಕ್ರಾನ್. ಎರಡು ಹಾಳೆಯಷ್ಟು ಅನ್ನಿ. ಇದು ಮೊದಲು ಹುಟ್ಟಿದ್ದು ಕಾರಿಗಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಹೆಲಿಕಾಪ್ಟರ್ ರೆಕ್ಕೆಗಳು ಮರಳು, ಕಲ್ಲು ಬಡಿದು ಹಾಳಾಗುತ್ತಿದ್ದವಂತೆ. ಅದನ್ನು ತಡೆಯೋಕೆ 3ಎಂ ಕಂಪನಿ ಮಾಡಿದ್ದು ಇಂಥ ಫಿಲ್ಮ್. ಕಲ್ಲು ಬಿದ್ದರೆ ಪೆಟ್ಟನ್ನು ಅದು ತಾನು ತಿನ್ನುತ್ತದೆ.

ಆದರೆ ಫಿಲ್ಮಿನಲ್ಲೂ ಜಾತಿ ಬೇರೆ ಬೇರೆ. ಟಿಪಿಯು ಅನ್ನೋದು ಪಾಲಿಯುರೆಥೇನ್, ರಬ್ಬರಿನಂತೆ ಎಳೆದರೆ ಬರುತ್ತದೆ, ಬಿಟ್ಟರೆ ಹೋಗುತ್ತದೆ. ಪಿವಿಸಿ ಅಗ್ಗ. ಅದನ್ನು ಮೆತ್ತಗಿಡುವ ಎಣ್ಣೆಯಂಥ ಅಂಶ ಬಿಸಿಲಿಗೆ ಹೊರಟುಹೋಗುತ್ತದೆ. ಆಮೇಲೆ ಹಳದಿ ಆಗಿ, ಗಟ್ಟಿಯಾಗಿ, ಬಿರಿಯುತ್ತದೆ. ಹುಡುಗ ಎರಡೂ ಬಗೆಯ ತುಂಡು ನನ್ನ ಕೈಗೆ ಕೊಟ್ಟು ಎಳೆದು ನೋಡಿ ಅಂದ. ಒಂದು ಜಗ್ಗಿ ಮೊದಲಿನಂತಾಯಿತು. ಇನ್ನೊಂದು ಜಗ್ಗಿದ್ದು ಜಗ್ಗಿದ ಹಾಗೇ ಉಳಿಯಿತು. ನನ್ನ ಬಾಗಿಲ ಅಂಚಿನದ್ದನ್ನು ಉಗುರಿನಿಂದ ಸ್ವಲ್ಪ ಎಬ್ಬಿಸಿ ನೋಡಿ, “ಪಿವಿಸಿ ಸಾರ್” ಅಂದ. ಅಷ್ಟರಲ್ಲೇ ಅದರ ಅಂಚು ಎದ್ದು, ಒಳಗೆ ಮಣ್ಣು ಸೇರಿ, ಬಾಗಿಲಿಗೆ ಕಾಡಿಗೆ ತೀಡಿದ ಹಾಗೆ ಕಪ್ಪು ಗೆರೆ ಬಂದಿತ್ತು.

ಒಳ್ಳೆ ಫಿಲ್ಮಿಗೆ ಇನ್ನೊಂದು ಗುಣ ಇದೆ, ಅದನ್ನು ಮಾತ್ರ ನಾನು ಬಾಯಿಬಿಟ್ಟು ನೋಡಿದೆ. ಒಂದು ಹಳೇ ಬಾಗಿಲ ತಗಡಿಗೆ ಫಿಲ್ಮ್ ಅಂಟಿಸಿ ಇಟ್ಟಿದ್ದ. ಪಾತ್ರೆ ತಿಕ್ಕುವ ಬ್ರಷ್ ತಗೊಂಡು ಪರಪರ ಉಜ್ಜಿದ. ಜೇಡರ ಬಲೆಯಂತೆ ಗೀರು ತುಂಬಿತು. ಆಮೇಲೆ ಫ್ಲಾಸ್ಕಿನಿಂದ ಬಿಸಿನೀರು ಹೊಯ್ದ. ನಮ್ಮ ಕಣ್ಣ ಮುಂದೆಯೇ ಗೀರುಗಳು ಒಂದೊಂದಾಗಿ ಮಾಯ. ಬಿಸಿ ತಾಗಿದರೆ ಅದರ ಮೇಲಿನ ಪದರ ತಾನೇ ಸಮ ಆಗುತ್ತದಂತೆ. ಬಿಸಿಲಿಗೂ ಆಗುತ್ತದೆ. ನಮ್ಮೂರಿನ ಏಪ್ರಿಲ್ ಬಿಸಿಲು ಯಾವುದಕ್ಕಾದರೂ ಉಪಯೋಗಕ್ಕೆ ಬಂತಲ್ಲ ಅಂದುಕೊಂಡೆ. “ಆದ್ರೆ ಕೀಲಿಕೈಯಿಂದ ಆಳವಾಗಿ ಎಳೆದ್ರೆ ಹೋಗಲ್ಲ ಸಾರ್, ಅದು ಹರಿದಂಗೆ” ಅಂತ ಅವನೇ ಹೇಳಿದ. ಇಲ್ಲದ ಗುಣ ಹೇಳಲಿಲ್ಲ. ಅವನ ಮೇಲೆ ನನಗೆ ನಂಬಿಕೆ ಬಂದದ್ದು ಅಲ್ಲೇ.

ಇನ್ನು ಸೆರಾಮಿಕ್. ಇದು ಹಾಳೆ ಅಲ್ಲ, ದ್ರವ. ಸಣ್ಣ ಬಾಟಲಿಯಲ್ಲಿ ಬರುತ್ತದೆ, ಸ್ಪಂಜಿನಂಥ ತುಂಡಿಗೆ ಹಾಕಿ ಹಚ್ಚಿ ಒರೆಸುತ್ತಾರೆ. ಒಳಗಿರುವ ಮುಖ್ಯ ಮಾಲು ಸಿಲಿಕಾ. ಒಣಗಿದ ಮೇಲೆ ಉಳಿಯುವ ದಪ್ಪ ಒಂದೆರಡು ಮೈಕ್ರಾನ್. ಆ ಮೀಟರಿಗೆ ಅದು ಸಿಗೋದೇ ಇಲ್ಲ! ಅಷ್ಟು ತೆಳ್ಳಗಿನದು ಕಲ್ಲು ತಡೆಯುತ್ತದೆ ಅಂತ ನಾನು ನಂಬಿದ್ದೆನಲ್ಲ.

ಹಾಗಾದರೆ 9ಎಚ್? ಇಲ್ಲಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಹುಡುಗ ನನ್ನ ಕಿವಿ ಕಡೆ ಕೈ ತೋರಿಸಿ, “ಅದೇನು ಸಾರ್, ಎಚ್‌ಬಿನಾ?” ಅಂದ. ತೆಗೆದು ನೋಡಿದೆ. ಎಚ್‌ಬಿ ಅಂತ ಬಂಗಾರದ ಅಕ್ಷರದಲ್ಲಿ ಬರೆದಿತ್ತು. 9ಎಚ್‌ನ ಎಚ್ ಕೂಡ ಅದೇ. ಪೆನ್ಸಿಲ್‌ಗಳಲ್ಲಿ ‘ಬಿ’ ಮೆತ್ತಗಿನವು, ‘ಎಚ್’ ಗಟ್ಟಿಯವು, ಈ ಪರೀಕ್ಷೆಗೆ ಬಳಸುವವುಗಳಲ್ಲಿ 9ಎಚ್ ಎಲ್ಲಕ್ಕಿಂತ ಗಟ್ಟಿ. ಬಣ್ಣದ ಮೇಲೆ ಪೆನ್ಸಿಲ್ ಓರೆಯಾಗಿ ಹಿಡಿದು ಒತ್ತಿ ತಳ್ಳುತ್ತಾರೆ. ಯಾವ ಪೆನ್ಸಿಲ್‌ವರೆಗೆ ಗೀರು ಬೀಳಲ್ಲವೋ ಅದು ಆ ಬಣ್ಣದ ನಂಬರ್. ವಜ್ರ 10 ಅನ್ನೋದು ಬೇರೆಯೇ ಅಳತೆ, ಕಲ್ಲುಗಳದ್ದು. ಆ ಅಳತೆಯಲ್ಲಿ 9 ಅಂದರೆ ಮಾಣಿಕ್ಯ, ನೀಲ. ಷೋರೂಂ ಹುಡುಗ ಎರಡು ತಕ್ಕಡಿ ಸೇರಿಸಿ ಒಂದೇ ತೂಕ ಹೇಳಿದ್ದ. ಪಾಪ, ಅವನಿಗೂ ಯಾರೋ ಹಾಗೇ ಹೇಳಿಕೊಟ್ಟಿರಬೇಕು. ರಸ್ತೆ ಧೂಳಿನ ಮರಳು ಆ ಕಲ್ಲಿನ ಅಳತೆಯಲ್ಲಿ 7 ಬರುತ್ತದೆ. ಪೆನ್ಸಿಲ್ ಅದರ ಮುಂದೆ ಏನೂ ಅಲ್ಲ. ಮೂವತ್ತು ವರ್ಷ ಕಿವಿ ಮೇಲೆ ಪೆನ್ಸಿಲ್ ಇಟ್ಟುಕೊಂಡವನಿಗೆ ಪೆನ್ಸಿಲ್ ನಂಬರನ್ನೇ ವಜ್ರದ ನಂಬರ್ ಅಂತ ಮಾರಿದರು.

ಸೆರಾಮಿಕ್ ಕೋಟಿಂಗೇ ಮೋಸ ಅಂತ ನಾನು ಹೇಳುತ್ತಿಲ್ಲ. ಸರಿಯಾಗಿ ಹಚ್ಚಿದರೆ ಹೊಳಪು ಬರುತ್ತದೆ, ನೀರು ಮುತ್ತಿನಂತೆ ಜಾರುತ್ತದೆ, ಕೆಸರು ಸುಲಭಕ್ಕೆ ಬಿಡುತ್ತದೆ. ತೊಳೆಯುವ ಕೆಲಸ ಅರ್ಧ ಕಡಿಮೆ. ಹಚ್ಚುವ ಮೊದಲು ಗಾಡಿ ತೊಳೆದು, ಬಣ್ಣಕ್ಕೆ ಕಚ್ಚಿಕೊಂಡ ಕಬ್ಬಿಣದ ಕಣ ತೆಗೆದು, ಜೇಡಿಮಣ್ಣಿನಂಥ ಮುದ್ದೆಯಿಂದ ಉಜ್ಜಿ ನುಣುಪು ಮಾಡಿ, ಬೇಕಾದರೆ ಪಾಲಿಷ್ ಮಾಡಬೇಕು. ಇಲ್ಲದಿದ್ದರೆ ಕೊಳೆ ಮೇಲೇ ಪದರ ಕೂರುತ್ತದೆ. ಚೆನ್ನಾಗಿ ಮಾಡಿದರೆ ಒಂದೆರಡು ದಿನದ ಕೆಲಸ. ನನ್ನ ಗಾಡಿಗೆ ಒಂದು ಸಂಜೆಯಲ್ಲಿ ಮುಗಿಸಿದ್ದರು.

ನಮ್ಮೂರಿಗೆ ಇನ್ನೂ ಒಂದು ತಾಪತ್ರಯ ಇದೆ, ಬೋರ್‌ವೆಲ್ ನೀರು. ಸುಣ್ಣದ ಅಂಶ ಎಷ್ಟು ಅಂದರೆ ಮನೆಯ ಸ್ಟೀಲ್ ಕೊಡಪಾನದ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಆ ನೀರಲ್ಲಿ ಕಾರು ತೊಳೆದು ಬಿಸಿಲಿಗೆ ಬಿಟ್ಟರೆ, ಮುತ್ತಿನಂತೆ ನಿಂತ ಒಂದೊಂದು ಹನಿಯೂ ಒಣಗಿ ಒಂದೊಂದು ಬಿಳಿ ಬಳೆ. ಕೋಟಿಂಗ್ ಇದ್ದರೂ ಕಲೆ ಬೀಳುತ್ತದೆ. ಹನಿ ದುಂಡಗೆ ನಿಲ್ಲೋದರಿಂದ ಇನ್ನೂ ಚೆನ್ನಾಗಿ ಕಾಣುತ್ತದೆ. ಈಗ ನಾನು ನಲ್ಲಿ ನೀರು ಬಂದ ದಿನ ಎರಡು ಬಕೆಟ್ ಹಿಡಿದಿಟ್ಟು, ಬೆಳಗ್ಗೆ ಆರಕ್ಕೆ ನೆರಳಲ್ಲಿ ತೊಳೆದು, ಮೈಕ್ರೋಫೈಬರ್ ಬಟ್ಟೆಯಿಂದ ಒರೆಸುತ್ತೇನೆ. ಒಂದು ಬಕೆಟ್ ಸೋಪಿಗೆ, ಒಂದು ಬಟ್ಟೆ ಜಾಲಿಸೋಕೆ. ಈ ಬಟ್ಟೆಗೆ 150 ರೂಪಾಯಿ. 28,800ರ ಪ್ಯಾಕೇಜಿಗಿಂತ ನನ್ನ ಬಣ್ಣ ಉಳಿಸಿದ್ದು ಈ ಬಟ್ಟೆಯೇ.

ಒಣ ಬಟ್ಟೆಯಿಂದ ಧೂಳು ಒರೆಸೋದನ್ನು ಮಾತ್ರ ಬಿಟ್ಟೇಬಿಟ್ಟೆ. ಯಾರ್ಡಿನಲ್ಲಿ, ರೈಸ್ ಮಿಲ್ ಅಕ್ಕಪಕ್ಕ ಗಾಡಿ ನಿಲ್ಲಿಸುವವರಿಗೆ ಗೊತ್ತು, ಸಂಜೆ ಹೊತ್ತಿಗೆ ಬಾನೆಟ್ ಮೇಲೆ ಕಪ್ಪು ಪುಡಿ. ಭತ್ತದ ಹೊಟ್ಟು ಉರಿಸಿದ ಬೂದಿ. ಹುಡುಗ ಹೇಳಿದ ಮೇಲೆ ತಿಳಿಯಿತು, ಆ ಬೂದಿಯಲ್ಲಿ ಬಹುಪಾಲು ಇರೋದೂ ಸಿಲಿಕಾನೇ. ಹಚ್ಚಿಸಿಕೊಳ್ಳೋಕೆ ದುಡ್ಡು ಕೊಟ್ಟದ್ದೂ ಸಿಲಿಕಾಕ್ಕೆ, ಪುಕ್ಕಟೆ ಬಂದು ಗೀಚೋದೂ ಸಿಲಿಕಾ. ಮೇಲೆ ಪಾರಿವಾಳಗಳು. ಕಾಳು ಇರುವ ಕಡೆ ಪಾರಿವಾಳ ಇದ್ದೇ ಇರುತ್ತವೆ. ಅವುಗಳ ಹಿಕ್ಕೆ ಬಿಸಿಲಿಗೆ ಒಂದು ಮಧ್ಯಾಹ್ನದಲ್ಲೇ ಬಣ್ಣಕ್ಕೆ ಗುರುತು ಬಿಡುತ್ತದೆ. ಡಿಕ್ಕಿಯಲ್ಲಿ ಒಂದು ನೀರಿನ ಬಾಟಲಿ, ಒಂದು ಬಟ್ಟೆ ಇಟ್ಟಿರುತ್ತೇನೆ. ಬಿದ್ದ ಕೂಡಲೇ ನೆನೆಸಿ ತೆಗೆಯೋದು, ಉಜ್ಜೋದಿಲ್ಲ.

ಕೊನೆಗೆ ನಾನು ಫಿಲ್ಮ್ ಹಾಕಿಸಿದೆನಾ ಅಂತ ಕೇಳಬಹುದು. ಲೆಕ್ಕ ಹಾಕಿದೆ. ಪೂರ್ತಿ ಗಾಡಿಗೆ ಹಾಕಿಸಿದರೆ ಲಕ್ಷದ ಹತ್ತಿರ ಹೇಳಿದ. ನಮಗಲ್ಲ. ಬಾನೆಟ್, ಬಂಪರ್, ಕನ್ನಡಿ ಮೂರಕ್ಕೆ 23,500. ನಮ್ಮ ಪರಿಚಯದ ಪೇಂಟರ್ ಬಾನೆಟ್ ಒಂದನ್ನು ಪೂರ್ತಿ ಬಣ್ಣ ಹೊಡೆದುಕೊಡೋಕೆ 4,500 ಹೇಳಿದ್ದ. ಬರೀ ದುಡ್ಡು ನೋಡಿದರೆ ಫಿಲ್ಮು ನಷ್ಟದ ಬಾಬತ್ತೇ. ಆದರೆ ಕಾರ್ಖಾನೆಯಲ್ಲಿ ಬರೀ ತಗಡು ಇರುವಾಗ ಸುಮಾರು 140 ಡಿಗ್ರಿ ಶಾಖದಲ್ಲಿ ಬಣ್ಣ ಬೇಯಿಸುತ್ತಾರೆ. ಗ್ಯಾರೇಜಿನಲ್ಲಿ ವೈರು, ಪ್ಲಾಸ್ಟಿಕ್ ಎಲ್ಲ ಇರೋದರಿಂದ 60 ಡಿಗ್ರಿ ಸುತ್ತಮುತ್ತ. ಎಷ್ಟೋ ಕಡೆ ಬಿಸಿಲಲ್ಲೇ ಒಣಗಿಸುತ್ತಾರೆ. ಭಟ್ಟಿಯಲ್ಲಿ ಹುರಿದ ಮಂಡಕ್ಕಿಗೂ ಮನೆ ಬಾಣಲೆಯಲ್ಲಿ ಹುರಿದದ್ದಕ್ಕೂ ಇರುವಷ್ಟು ವ್ಯತ್ಯಾಸ. ಕಾರ್ಖಾನೆಯ ಬಣ್ಣ ಒಂದೇ ಸಲ ಬರೋದು. ಹೆದ್ದಾರಿಯಲ್ಲಿ ತಿಂಗಳಿಗೆ ಎರಡು ಸಲ ಹುಬ್ಬಳ್ಳಿಗೆ ಹೋಗುವವನು ನಾನು. ಮುಂಭಾಗಕ್ಕೆ ಮಾತ್ರ ಹಾಕಿಸಿದೆ. ಊರೊಳಗೇ ಓಡಾಡುವ ಗಾಡಿಯಾಗಿದ್ದರೆ ಅದೂ ಬೇಡವಾಗಿತ್ತು ಅಂತ ಈಗಲೂ ಅನ್ನಿಸುತ್ತದೆ.

ಅವನು ಕೊಟ್ಟ ಬಿಲ್ ನೋಡಿದರೆ ನಮ್ಮ ಯಾರ್ಡಿನ ಪಟ್ಟಿ ನೆನಪಾಯಿತು. ಫಿಲ್ಮಿನ ಕಂಪನಿ ಹೆಸರು, ಟಿಪಿಯು, 190 ಮೈಕ್ರಾನ್, ರೋಲಿನ ನಂಬರ್, ಯಾವ ಭಾಗಕ್ಕೆ ಎಷ್ಟು ಚದರಡಿ, ಜಿಎಸ್‌ಟಿ ನಂಬರ್. ಐದು ವರ್ಷದ ವಾರಂಟಿ ನನ್ನ ಹೆಸರು, ಗಾಡಿ ನಂಬರ್ ಸಮೇತ. ಹಳದಿ ಆದರೆ, ಬಿರಿದರೆ ಬದಲಿಸಿಕೊಡುತ್ತಾರೆ, ಕಲ್ಲಿನಿಂದ ಹರಿದರೆ ಇಲ್ಲ ಅಂತಲೂ ಬರೆದಿದೆ. ಆ ಚುಕ್ಕೆಗೆ ಟಚ್‌ಅಪ್ ಬಣ್ಣ ಹಚ್ಚಿ ಮೇಲೆ ಫಿಲ್ಮ್ ಹಾಕಿದ. ಗಾಜಿನ ಕೆಳಗಿನ ಫೋಟೊದಂತೆ ಚುಕ್ಕೆ ಒಳಗೇ ಇದೆ, ಗೊತ್ತಿದ್ದವರಿಗೆ ಕಾಣುತ್ತದೆ. ಅಮಾವಾಸ್ಯೆ ಪೂಜೆಗೆ ಈಗ ಕುಂಕುಮ, ವಿಭೂತಿ ನಂಬರ್ ಪ್ಲೇಟಿಗೆ. ಅಯ್ಯನವರು ಮೊದಲ ಸಲ ಬಾನೆಟ್ ಕಡೆ ಕೈ ಚಾಚಿದಾಗ ನಮ್ಮ ಮನೆಯವರೇ “ಅಲ್ಲಿ ಬ್ಯಾಡ್ರೀ ಬುದ್ಧಿ, ಇಪ್ಪತ್ಮೂರು ಸಾವಿರ ಐತಿ ಅಲ್ಲಿ” ಅಂದುಬಿಟ್ಟರು.

ನಾನು ಕೇಳೋದು ಇಷ್ಟೇ. ನಗರದ ಷೋರೂಂಗಳು ಈ ಕೋಟಿಂಗ್, ಫಿಲ್ಮ್ ವ್ಯಾಪಾರ ಮಾಡಲಿ, ಬೇಡ ಅನ್ನೋದಿಲ್ಲ. ಆದರೆ ಕೊಟೇಷನ್‌ನಲ್ಲಿ ಅದನ್ನು ಬೇರೆ ಹಾಳೆಯಲ್ಲಿ ಬರೆಯಲಿ, ಬೇಕಾದವರಿಗೆ ಮಾತ್ರ ಅಂತ ಮೇಲೆ ಬರೆಯಲಿ. ಫಿಲ್ಮ್ ಯಾವ ಜಾತಿ, ಎಷ್ಟು ಮೈಕ್ರಾನ್, ಯಾವ ಯಾವ ಜಾಗಕ್ಕೆ, ಕೋಟಿಂಗ್ ಹಚ್ಚಿದ ಮೇಲೆ ಎಷ್ಟು ದಿನ ನೀರು ಸೋಕಬಾರದು ಅನ್ನೋದು ಕನ್ನಡದಲ್ಲಿ ಇರಲಿ. ಹಬ್ಬದ ದಿನ ಗಾಡಿ ಕೊಡುವುದಾದರೆ ಕೋಟಿಂಗ್ ಹಬ್ಬ ಮುಗಿದ ಮೇಲೆ ಹಚ್ಚಲಿ. ‘ಇದು ತಗೊಂಡರೆ ಮಾತ್ರ ಅದು ಬೇಗ’ ಅನ್ನೋದನ್ನು ನಿಲ್ಲಿಸಲಿ. ಒಂದು ಸರಕು ಬೇಕೆಂದರೆ ಇನ್ನೊಂದನ್ನೂ ಕೊಳ್ಳಬೇಕು ಅಂತ ಕಟ್ಟಿಹಾಕೋದಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶ ಇಲ್ಲ. ಸೇವೆಗೆ ಬಿಲ್ ಕೊಡದಿದ್ದರೂ ಅದೇ ಕಾಯ್ದೆ ಪ್ರಕಾರ ತಪ್ಪು.

ಓದುಗರಿಗೆ ಒಂದು ಮಾತು. ನನ್ನಂತೆ ಸಿಕ್ಕಿಕೊಂಡವರು 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ವ್ಯವಹಾರದ ದೂರಿಗೆ ಶುಲ್ಕ ಇಲ್ಲ. ವಕೀಲರೇ ಬೇಕು ಅಂತಲೂ ಇಲ್ಲ. ಆದರೆ ಕೈಯಲ್ಲಿ ಬಿಲ್ ಇರಬೇಕು, ಬಿಲ್ಲಿನಲ್ಲಿ ವಿವರ ಇರಬೇಕು. ನನ್ನ ಹತ್ತಿರ ಇದ್ದದ್ದು ಒಂದೇ ಸಾಲು. ಅದಕ್ಕೇ ನನ್ನ ವಾದ ಕುಂಟುತ್ತಿದೆ. ಹೊಸ ಗಾಡಿಗೆ ಕೈ ಹಾಕುವ ಮುಂಚೆ ಒಂದು ಬಣ್ಣದ ಮೀಟರ್ ಇರುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಯಾರ್ಡಿಗೆ ಬರುವ ರೈತ ನಮ್ಮ ಮೀಟರ್ ಮೇಲೆ ನಂಬಿಕೆ ಇಲ್ಲದೆ ತನ್ನದೇ ಮೀಟರ್ ತರುತ್ತಾನೆ. ಮೊದಲು ಅದನ್ನು ನೋಡಿ ನಗುತ್ತಿದ್ದೆ.

1915ಕ್ಕೆ ಹೇಳಿದ ಮೇಲೆ ಷೋರೂಂನಿಂದ ಫೋನ್ ಬಂತು. ಮೊದಲು ಎರಡು ಸಲ ಉಚಿತ ವಾಷಿಂಗ್ ಕೂಪನ್ ಕೊಡುತ್ತೇವೆ ಅಂದರು. ಬೇಡ ಅಂದೆ. ಆಮೇಲೆ 11 ಸಾವಿರ ವಾಪಸ್ ಕೊಡುತ್ತೇವೆ ಅಂದರು. ಅದಾಗಿ ಆರು ವಾರ ಆಯಿತು, ಇನ್ನೂ ಬಂದಿಲ್ಲ. ಮನೆ ಖರ್ಚಿನ ಪುಸ್ತಕದಲ್ಲಿ ‘ಬರಬೇಕಾದ್ದು’ ಅನ್ನುವ ಕಡೆ ಬರೆದಿಟ್ಟಿದ್ದೇನೆ. ಎಚ್‌ಬಿ ಪೆನ್ಸಿಲ್‌ನಲ್ಲಿ.

ಇಂತಿ ನಿಮ್ಮ ಓದುಗ,
ಎಪಿಎಂಸಿ ಯಾರ್ಡಿನ ಒಬ್ಬ ಗುಮಾಸ್ತ,
ದಾವಣಗೆರೆ